ಮಂಡಿ ಆಪರೇಷನ್ ಆದ ಮೇಲೆ ರಕ್ತ ಹೆಪ್ಪುಗಟ್ಟಿತು: ಇದು ನಿರ್ಲಕ್ಷ್ಯವೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಾಯಿಗೆ 64 ವರ್ಷ. ಸಕ್ಕರೆ ಕಾಯಿಲೆ ಇದೆ, ತೂಕ 82 ಕೆ.ಜಿ. ಎರಡೂ ಮಂಡಿಗೆ ಒಂದೇ ಸಲ ಕೀಲು ಬದಲಾವಣೆ ಆಪರೇಷನ್ ಮಾಡಿಸಿದೆವು. ಐದನೇ ದಿನ ಮನೆಗೆ ಕಳಿಸಿದರು. ಎಂಟನೇ ದಿನ ಬಲಗಾಲಿನ ಮೀನಖಂಡ ಊದಿ ಬಿಗಿಯಾಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ "ಆಪರೇಷನ್ ಆದ ಕಾಲು ಊದೋದು ಸಹಜ, ಐಸ್ ಇಡಿ" ಅಂದರು. ಹನ್ನೊಂದನೇ ದಿನ ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಅಮ್ಮ ಉಸಿರು ಸಿಗದೆ ಕುಸಿದರು. ಬೇರೆ ಆಸ್ಪತ್ರೆಗೆ ಕರೆದೊಯ್ದೆವು. ಸಿಟಿ ಸ್ಕ್ಯಾನ್ ಮಾಡಿ, ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿದೆ ಎಂದರು. ಆರು ದಿನ ಐಸಿಯುನಲ್ಲಿದ್ದು ಬದುಕಿಕೊಂಡರು. ಅಲ್ಲಿನ ವೈದ್ಯರು ಹಳೇ ಡಿಸ್ಚಾರ್ಜ್ ಸಮ್ಮರಿ ನೋಡಿ "ಹೆಪ್ಪುಗಟ್ಟದಂತೆ ಮಾತ್ರೆ ಏನೂ ಬರೆದಿಲ್ವಾ?" ಎಂದು ಕೇಳಿದರು. ಮೊದಲಿನ ಆಸ್ಪತ್ರೆಯವರು ಮಾತ್ರ "ಇದು ಎಲ್ಲರಿಗೂ ಇರೋ ರಿಸ್ಕ್, ನೀವೇ ಸಹಿ ಹಾಕಿದ್ದೀರಲ್ಲ" ಎನ್ನುತ್ತಾರೆ. ಇದು ನಿರ್ಲಕ್ಷ್ಯವೇ? ಪೊಲೀಸ್ ಕಂಪ್ಲೇಂಟ್ ಕೊಡಬೇಕಾ? ಇನ್ನೊಂದು ವಿಷಯ: ಮುಂದಿನ ತಿಂಗಳು ನಮ್ಮ ಚಿಕ್ಕಮ್ಮನಿಗೆ ಸೊಂಟದ ಕೀಲು ಆಪರೇಷನ್ ಇದೆ. ನಮಗೆಲ್ಲ ಭಯ ಹತ್ತಿದೆ.

ಉತ್ತರ: ಮೊದಲು ಅಮ್ಮನ ವಿಷಯ. ಎರಡನೇ ಆಸ್ಪತ್ರೆಯವರು ಬರೆದ ಮಾತ್ರೆಯನ್ನು "ಈಗ ಆರಾಮಾಗಿದ್ದಾರಲ್ಲ" ಎಂದು ನಿಲ್ಲಿಸಬೇಡಿ. ಆಪರೇಷನ್‌ನಿಂದ ಬಂದ ಇಂಥ ಹೆಪ್ಪಿಗೆ ಕಡಿಮೆಯೆಂದರೂ ಮೂರು ತಿಂಗಳು ಚಿಕಿತ್ಸೆ ಬೇಕು. ಕೇಸು ಗೀಸು ಎಲ್ಲ ಆಮೇಲೆ.

ನಾನು ಫಿಸಿಶಿಯನ್. ಬಹಳ ವರ್ಷಗಳಿಂದ ಗ್ರಾಹಕ ಆಯೋಗಕ್ಕೆ ಹೋಗುವ ಫೈಲುಗಳನ್ನು ಓದಿ ಅಭಿಪ್ರಾಯ ಬರೆದುಕೊಡುತ್ತೇನೆ. ಕೆಲವು ಸಲ ರೋಗಿಗಳ ಕಡೆಯವರು ಕೇಳುತ್ತಾರೆ, ಕೆಲವು ಸಲ ವೈದ್ಯರ ಕಡೆಯವರು. ನಿಮ್ಮ ಕೇಸ್ ಶೀಟ್ ನಾನು ನೋಡಿಲ್ಲ. ಹಾಗಾಗಿ ತೀರ್ಪು ಹೇಳುವುದಿಲ್ಲ. ಎಲ್ಲಿ ನೋಡಬೇಕು, ಏನನ್ನು ಹುಡುಕಬೇಕು ಎಂದು ಹೇಳಬಲ್ಲೆ.

ನಿಮಗೆ ಇಷ್ಟವಾಗದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಪ್ಪುಗಟ್ಟಿತು ಎಂಬುದೊಂದರಿಂದಲೇ ನಿರ್ಲಕ್ಷ್ಯ ಆಗುವುದಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದ ಆಸ್ಪತ್ರೆಯಲ್ಲೂ ಕೆಲವರಿಗೆ ಇದು ಬಂದೇ ಬರುತ್ತದೆ. ಆಸ್ಪತ್ರೆಯವರು "ರಿಸ್ಕ್" ಎಂದದ್ದು ಆ ಮಟ್ಟಿಗೆ ನಿಜ. ಆದರೆ ಆ ರಿಸ್ಕ್ ಗೊತ್ತಿದ್ದೂ ಅವರು ಏನು ಮಾಡಿದರು? ನಿಮ್ಮ ಕೇಸು ನಿಲ್ಲುವುದು ಬೀಳುವುದು ಇದರ ಮೇಲೆ.

ಕಾಲಿನ ರಕ್ತ ಮೇಲಕ್ಕೆ ಹತ್ತಬೇಕಾದರೆ ಮೀನಖಂಡದ ಸ್ನಾಯು ಪಂಪಿನ ಹಾಗೆ ಒತ್ತಿ ಕೊಡಬೇಕು. ನಡೆಯುವಾಗ ಅದು ತಾನಾಗೇ ಆಗುತ್ತದೆ. ಮಂಡಿ ಆಪರೇಷನ್‌ನಲ್ಲಿ ತೊಡೆಗೆ ಬಿಗಿಯಾದ ಪಟ್ಟಿ ಕಟ್ಟಿ ರಕ್ತ ನಿಲ್ಲಿಸುವುದು ರೂಢಿ. ಮೂಳೆ ಕೊಯ್ಯುತ್ತಾರೆ, ಕಾಲನ್ನು ಪೂರಾ ಮಡಚಿ ಹಿಡಿದಿರುತ್ತಾರೆ, ರಕ್ತನಾಳ ಎಳೆದಂತಾಗುತ್ತದೆ. ಆಪರೇಷನ್ ಆದ ಮೇಲೆ ಎರಡು ಮೂರು ದಿನ ಓಡಾಟ ಕಡಿಮೆ. ಗಾಯ ಮಾಯಿಸಬೇಕೆಂದು ದೇಹವೂ ರಕ್ತವನ್ನು ಬೇಗ ಹೆಪ್ಪುಗಟ್ಟಿಸುವ ಹುರುಪಿನಲ್ಲಿರುತ್ತದೆ. ರಕ್ತ ನಿಂತಿರುವುದು, ನಾಳಕ್ಕೆ ಪೆಟ್ಟಾಗುವುದು, ರಕ್ತವೇ ಹೆಪ್ಪಾಗಲು ತಯಾರಿರುವುದು: ಈ ಮೂರು ಸೇರಿದರೆ ಅಪಾಯ ಎಂಬ ವಿಚಾರ ಜರ್ಮನಿಯ ರುಡಾಲ್ಫ್ ವಿರ್ಕೋ ಅವರ 1856ರ ಬರಹಗಳಿಂದ ಬಂದದ್ದು. ಹಾಲಿಗೆ ಹೆಪ್ಪು ಹಾಕಿ ಅಲುಗಾಡಿಸದೆ ಇಡುತ್ತೀರಲ್ಲ, ಹೆಚ್ಚು ಕಮ್ಮಿ ಹಾಗೇ. ನಿಮ್ಮ ತಾಯಿಗೆ ಎರಡೂ ಮಂಡಿ ಒಂದೇ ಸಲ ಆಗಿದೆ, ತೂಕ ಜಾಸ್ತಿ, ವಯಸ್ಸು 60 ದಾಟಿದೆ. ಅಪಾಯ ಇರುವವರ ಸಾಲಿನಲ್ಲೂ ಅವರು ಮುಂದೆಯೇ ಇದ್ದರು.

"ನಮ್ಮ ಜನಕ್ಕೆ ಅದೆಲ್ಲ ಆಗಲ್ಲ, ಅದು ಬಿಳಿಯರ ಕಾಯಿಲೆ" ಎನ್ನುವ ಮಾತು ನಾನು ಓದುವ ಕಾಲದಲ್ಲಿ ಜೋರಾಗಿತ್ತು. ಹಿರಿಯ ಸರ್ಜನ್ನರಲ್ಲಿ ಕೆಲವರು ಇವತ್ತಿಗೂ ಹೇಳುತ್ತಾರೆ. 2005ರಲ್ಲಿ ಏಷ್ಯಾದ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಒಂದು ಅಧ್ಯಯನ ಪ್ರಕಟಿಸಿದವು. ಮಂಡಿ, ಸೊಂಟದ ದೊಡ್ಡ ಆಪರೇಷನ್ ಆಗಿ, ತಡೆಗಟ್ಟುವ ಔಷಧಿ ತೆಗೆದುಕೊಳ್ಳದವರ ಕಾಲಿನ ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆದು ನೋಡಿದರು. ನೂರಕ್ಕೆ 41 ಜನರಲ್ಲಿ ಹೆಪ್ಪು ಸಿಕ್ಕಿತು. ಹೆದರಬೇಡಿ, ಅದರಲ್ಲಿ ಹೆಚ್ಚಿನವು ಸಣ್ಣವು, ತಾವಾಗೇ ಕರಗುತ್ತವೆ, ರೋಗಿಗೆ ಗೊತ್ತೂ ಆಗುವುದಿಲ್ಲ. ನೋವು, ಊತ, ಉಸಿರಾಟದ ತೊಂದರೆ ತರುವಂಥವು ಬಹಳ ಕಡಿಮೆ. ಅಮೆರಿಕದ ಎದೆರೋಗ ತಜ್ಞರ ಸಂಘ 2012ರಲ್ಲಿ ಲೆಕ್ಕ ಹಾಕಿದ ಹಾಗೆ, ಏನೂ ಔಷಧಿ ಕೊಡದಿದ್ದರೆ 35 ದಿನಗಳಲ್ಲಿ ಸುಮಾರು ನೂರಕ್ಕೆ 4.3 ಜನರಿಗೆ ಇಂಥ ತೊಂದರೆ. ಹೆಪಾರಿನ್ ಜಾತಿಯ ಇಂಜೆಕ್ಷನ್ ಕೊಟ್ಟರೆ ಅದು ಸುಮಾರು 1.8ಕ್ಕೆ ಇಳಿಯುತ್ತದೆ. ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಹಾಗಾದರೆ ಏನು ಕೊಡಬೇಕಿತ್ತು? ಇಲ್ಲಿ ವೈದ್ಯರಿಗೆ ಆಯ್ಕೆ ಇದೆ. ಹೊಟ್ಟೆಯ ಚರ್ಮಕ್ಕೆ ಚುಚ್ಚುವ ಎನಾಕ್ಸಾಪರಿನ್ ಇಂಜೆಕ್ಷನ್ ಇದೆ. ರಿವರಾಕ್ಸಬಾನ್, ಅಪಿಕ್ಸಬಾನ್ ಎಂಬ ಮಾತ್ರೆಗಳಿವೆ. ಕಡಿಮೆ ಡೋಸಿನ ಆಸ್ಪಿರಿನ್ ಸಾಕು ಎನ್ನುವವರೂ ಇದ್ದಾರೆ. ಈ ಜಗಳ ಇನ್ನೂ ಮುಗಿದಿಲ್ಲ. 2018ರಲ್ಲಿ ಬಂದ ಕೆನಡಾದ ಅಧ್ಯಯನದಲ್ಲಿ ಐದು ದಿನ ರಿವರಾಕ್ಸಬಾನ್ ಕೊಟ್ಟು ಆಮೇಲೆ ಆಸ್ಪಿರಿನ್‌ಗೆ ಬದಲಾಯಿಸಿದರೂ ನಡೆಯುತ್ತದೆ ಎಂದು ಕಂಡಿತು. 2022ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಮೊದಲಿನಿಂದಲೇ ಬರೀ ಆಸ್ಪಿರಿನ್ ಕೊಟ್ಟವರಲ್ಲಿ ನೂರಕ್ಕೆ 3.45, ಎನಾಕ್ಸಾಪರಿನ್ ಕೊಟ್ಟವರಲ್ಲಿ 1.82 ಜನರಿಗೆ ಹೆಪ್ಪಿನ ತೊಂದರೆ ಬಂತು. ಅಷ್ಟಾದರೂ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಮಂಡಿ ಆಪರೇಷನ್‌ಗೆ 14 ದಿನದ ಆಸ್ಪಿರಿನ್ ಅನ್ನು ಒಂದು ದಾರಿಯಾಗಿ ಒಪ್ಪುತ್ತದೆ.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಕೋರ್ಟು ವೈದ್ಯರನ್ನು ಅಳೆಯುವ ಅಳತೆಗೋಲು ಇಲ್ಲೇ ಇದೆ. 1957ರ ಇಂಗ್ಲೆಂಡಿನ ಬೋಲಮ್ ಕೇಸಿನಿಂದ ಬಂದ ಆ ಅಳತೆಗೋಲನ್ನು ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಎತ್ತಿ ಹಿಡಿದಿದೆ. ತಿಳಿದ ವೈದ್ಯರ ಒಂದು ಗುಂಪು ಸರಿ ಎನ್ನುವ ದಾರಿಯಲ್ಲಿ ಹೋಗಿದ್ದರೆ, ಇನ್ನೊಂದು ಗುಂಪು ಬೇರೆ ದಾರಿ ಹೇಳಿದರೂ ಅದು ನಿರ್ಲಕ್ಷ್ಯವಲ್ಲ. ನಿಮ್ಮ ತಾಯಿಗೆ ಆಸ್ಪಿರಿನ್ ಬರೆದಿದ್ದರೆ, "ಇಂಜೆಕ್ಷನ್ ಯಾಕೆ ಕೊಡಲಿಲ್ಲ" ಎಂಬ ಕೇಸು ಗೆಲ್ಲುವುದು ಕಷ್ಟವಿತ್ತು. ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವ, ಪ್ಲೇಟ್‌ಲೆಟ್ ಕಡಿಮೆ ಇರುವುದು ಇಂಥ ಕಾರಣ ಇದ್ದು ಔಷಧಿ ಬೇಡ ಎಂದು ನಿರ್ಧರಿಸಿ, ಆ ಕಾರಣ ಬರೆದು, ಕಾಲಿಗೆ ಗಾಳಿ ತುಂಬಿ ಒತ್ತುವ ಪಂಪ್ ಹಾಕಿದ್ದರೂ ಅದು ಒಂದು ದಾರಿಯೇ. ಯಾವ ಔಷಧಿಯೂ ಇಲ್ಲ, ಬೇಡ ಎನ್ನಲು ಬರೆದ ಕಾರಣವೂ ಇಲ್ಲ ಎಂದರೆ ಅದನ್ನು ಸಮರ್ಥಿಸುವ ಗುಂಪು ಸಿಗುವುದು ಬಲು ಕಷ್ಟ. ನಾನಂತೂ ಸಮರ್ಥಿಸಿ ಬರೆದುಕೊಡಲಾರೆ.

ಈಗ ದಿನಗಳ ಲೆಕ್ಕ. ಅದೇ ಅಮೆರಿಕದ ಸಂಘ ಕಡಿಮೆಯೆಂದರೂ 10ರಿಂದ 14 ದಿನ ಕೊಡಿ, ಸಾಧ್ಯವಾದರೆ 35 ದಿನದವರೆಗೂ ಮುಂದುವರಿಸಿ ಎನ್ನುತ್ತದೆ. ಅದೂ ಸುಮ್ನೆ ಹೇಳಿದ್ದಲ್ಲ. ಕ್ಯಾಲಿಫೋರ್ನಿಯಾದ ರೋಗಿಗಳ ದಾಖಲೆಗಳನ್ನು ನೋಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಪ್ಪು ಪತ್ತೆಯಾಗುವ ನಡುಗಾಲ ಮಂಡಿಗೆ 7ನೇ ದಿನ, ಸೊಂಟಕ್ಕೆ 17ನೇ ದಿನ. ಅಂದರೆ ಬಹಳ ಜನರಿಗೆ ಅಪಾಯ ಬರುವುದು ಮನೆಗೆ ಬಂದ ಮೇಲೆ. ನಿಮ್ಮ ತಾಯಿಯ ಕಾಲು ಊದಿದ್ದು ಎಂಟನೇ ದಿನ, ಕುಸಿದದ್ದು ಹನ್ನೊಂದನೇ ದಿನ. ಅತಿ ಚಿಕ್ಕ ಕೋರ್ಸ್ ಹಿಡಿದರೂ ಎಂಟನೇ ದಿನ ಔಷಧಿ ನಡೆಯುತ್ತಲೇ ಇರಬೇಕಿತ್ತು. ನನ್ನ ಕೈಗೆ ನಿಮ್ಮ ಫೈಲ್ ಬಂದರೆ ನಾನು ಮೊದಲು ಅಂಡರ್‌ಲೈನ್ ಮಾಡುವುದು ಇದನ್ನೇ.

ಆಸ್ಪತ್ರೆಯಲ್ಲಿದ್ದ ಐದು ದಿನ ಇಂಜೆಕ್ಷನ್ ಕೊಟ್ಟಿದ್ದರೋ ಇಲ್ಲವೋ ನೀವು ಬರೆದಿಲ್ಲ. ಅದನ್ನು ಹೇಳುವುದು ಡ್ರಗ್ ಚಾರ್ಟ್, ಅಂದರೆ ಸಿಸ್ಟರ್‌ಗಳು ಪ್ರತಿ ಡೋಸ್ ಕೊಟ್ಟ ಮೇಲೆ ಸಮಯ ಬರೆದು ಸಹಿ ಹಾಕುವ ಹಾಳೆ. ಬಿಲ್ಲನ್ನು ನಂಬಬೇಡಿ. ಬಿಲ್ಲಿನಲ್ಲಿ ಇಂಜೆಕ್ಷನ್ ಇದ್ದ ಮಾತ್ರಕ್ಕೆ ಮೈಗೆ ಹೋಗಿದೆ ಎಂದಲ್ಲ.

ಹಿಂದೆ ಓದಿದ ಒಂದು ಫೈಲ್ ನೆನಪಾಗುತ್ತದೆ. ಅದೂ ಮಂಡಿ ಆಪರೇಷನ್. ನೋವಿಗೆಂದು ಬೆನ್ನಿಗೆ ಎಪಿಡ್ಯುರಲ್ ಎಂಬ ಸಣ್ಣ ಟ್ಯೂಬ್ ಹಾಕಿದ್ದರು. ಎನಾಕ್ಸಾಪರಿನ್ ಕೊಟ್ಟ 12 ಗಂಟೆಯೊಳಗೆ ಆ ಟ್ಯೂಬ್ ಎಳೆಯುವಂತಿಲ್ಲ, ಬೆನ್ನುಹುರಿಯ ಸುತ್ತ ರಕ್ತ ತುಂಬುವ ಅಪಾಯ ಇರುತ್ತದೆ. ಎಳೆದ ಮೇಲೂ ಕಡಿಮೆಯೆಂದರೆ 4 ಗಂಟೆ ಬಿಟ್ಟು ಮುಂದಿನ ಡೋಸ್ ಕೊಡಬೇಕು. ಹಾಗಾಗಿ ಎರಡನೇ ರಾತ್ರಿ ಅರಿವಳಿಕೆ ವೈದ್ಯರು 8 ಗಂಟೆಯ ಡೋಸ್ ಎದುರಿಗೆ ಕೆಂಪು ಪೆನ್ನಿನಲ್ಲಿ "ಹೋಲ್ಡ್", ಅಂದರೆ ಸದ್ಯಕ್ಕೆ ಕೊಡಬೇಡಿ, ಎಂದು ಬರೆದರು. ಸರಿಯಾದ ಕೆಲಸ. ಮಾರನೇ ಬೆಳಿಗ್ಗೆ ಟ್ಯೂಬ್ ತೆಗೆದರು. ಅಂದು ರಾತ್ರಿ ಮತ್ತೆ ಶುರು ಮಾಡಿ ಎಂದು ಯಾರೂ ಬರೆಯಲಿಲ್ಲ. ಅರಿವಳಿಕೆಯವರು, ಮೂಳೆ ಡಾಕ್ಟರು ಬರೆಯುತ್ತಾರೆ ಅಂದುಕೊಂಡರು. ಮೂಳೆ ಡಾಕ್ಟರು, ಇಂಜೆಕ್ಷನ್ ನಡೀತಾ ಇದೆ ಅಂದುಕೊಂಡರು. ಮೂರನೇ ರಾತ್ರಿಯ ಚೌಕದಲ್ಲಿ ಸಿಸ್ಟರ್ ಬರೆದದ್ದು "ಹೋಲ್ಡ್". ನಾಲ್ಕನೇ ರಾತ್ರಿಯೂ "ಹೋಲ್ಡ್". ಐದನೇ ದಿನದ ಚೌಕ ಖಾಲಿ. ಡಿಸ್ಚಾರ್ಜ್ ಸಮ್ಮರಿ ಬರೆದ ಕಿರಿಯ ಡಾಕ್ಟರು ಚಾರ್ಟಿನಲ್ಲಿ ಅಂದು ನಡೆಯುತ್ತಿದ್ದ ಔಷಧಿಗಳನ್ನೇ ಇಳಿಸಿಕೊಂಡರು. ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ಕ್ಯಾಲ್ಸಿಯಂ. ಕೆಟ್ಟವರು ಒಬ್ಬರೂ ಇರಲಿಲ್ಲ ಆ ಫೈಲಿನಲ್ಲಿ. ಆಸ್ಪತ್ರೆಯ ಪರವಾಗಿ ಅಭಿಪ್ರಾಯ ಕೊಡಿ ಎಂದು ಕೇಳಿದ್ದರು. ಆಗುವುದಿಲ್ಲ ಎಂದು ವಾಪಸ್ ಕಳಿಸಿದೆ.

ನಿಮ್ಮ ತಾಯಿಯ ಚಾರ್ಟಿನಲ್ಲೂ ಇಂಥ ಚೌಕಗಳನ್ನು ಹುಡುಕಿ. ಇಂಜೆಕ್ಷನ್ ಬರೆದಿದ್ದಾರಾ, ಯಾವ ರಾತ್ರಿಯಿಂದ, ಸಹಿ ಇದೆಯಾ, ಎಲ್ಲಿ ನಿಂತಿತು, ನಿಲ್ಲಿಸಲು ಕಾರಣ ಬರೆದಿದ್ದಾರಾ. ಆಪರೇಷನ್‌ಗೆ ಮುಂಚೆ ಹೆಪ್ಪಿನ ಅಪಾಯ ಅಳೆಯುವ ಹಾಳೆ ತುಂಬಿದ್ದಾರಾ ಅದನ್ನೂ ನೋಡಿ. ಹಲವು ಆಸ್ಪತ್ರೆಗಳಲ್ಲಿ ಆ ಹಾಳೆ ಮುದ್ರಿಸಿ ಫೈಲಿಗೆ ಸೇರಿಸಿರುತ್ತಾರೆ, ಆದರೆ ತುಂಬಿರುವುದಿಲ್ಲ.

ಎಂಟನೇ ದಿನದ ಫೋನಿನ ವಿಷಯ ನನಗೆ ಮಾತ್ರೆಗಿಂತ ಜಾಸ್ತಿ ಮುಖ್ಯ ಅನಿಸುತ್ತದೆ. ಆಪರೇಷನ್ ಆದ ಮಂಡಿ ಊದುವುದು ಸಹಜ, ನಿಜ. ಆದರೆ ಮೀನಖಂಡ ಬಿಗಿಯಾಗಿ ಊದಿ ನೋಯುತ್ತಿದೆ ಎಂದಾಗ ಫೋನಿನಲ್ಲೇ "ಸಹಜ" ಎನ್ನಲು ಬರುವುದಿಲ್ಲ. ಕಣ್ಣಿಂದ ನೋಡಿ ಹೇಳುವುದೂ ಕಷ್ಟವೇ. ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ರಕ್ತ ಪರೀಕ್ಷೆಯೂ ಆಪರೇಷನ್ ಆದವರಲ್ಲಿ ಹೇಗಿದ್ದರೂ ಜಾಸ್ತಿ ಬರುವುದರಿಂದ ಪ್ರಯೋಜನ ಕಡಿಮೆ. ಬೇಕಿದ್ದದ್ದು ಕಾಲಿನ ಡಾಪ್ಲರ್ ಸ್ಕ್ಯಾನ್. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿನ ಜಾತಿಯದೇ, ಸೂಜಿಯಿಲ್ಲ, ನೋವಿಲ್ಲ. "ಇವತ್ತೇ ಕರ್ಕೊಂಡು ಬನ್ನಿ" ಎಂಬ ಒಂದು ಮಾತು ಸಾಕಿತ್ತು. ಮಧ್ಯೆ ಮೂರು ದಿನ ಕೈಯಲ್ಲಿತ್ತು.

ಆ ಕರೆಯನ್ನು ಯಾರು ತೆಗೆದುಕೊಂಡರು? ಡ್ಯೂಟಿ ಡಾಕ್ಟರಾ, ಸಿಸ್ಟರಾ, ರಿಸೆಪ್ಷನ್‌ನವರಾ? ನೀವು ಹೇಳಿದ ಮಾತು ಏನು, ಬರೀ "ಕಾಲು ಊದಿದೆ" ಅಂದಿರಾ, "ಮೀನಖಂಡ" ಎಂದಿರಾ? ನೆನಪು ಹಸಿಯಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಮೊಬೈಲಿನ ಕಾಲ್ ಲಿಸ್ಟ್ ಹಳೆಯದಾದ ಹಾಗೆ ಅಳಿಸಿಹೋಗುತ್ತದೆ, ಈಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಊದಿದ ಕಾಲಿನ ಫೋಟೋ ಯಾರಿಗಾದರೂ ವಾಟ್ಸಾಪ್ ಮಾಡಿದ್ದರೆ ಡಿಲೀಟ್ ಮಾಡಬೇಡಿ, ಅದರಲ್ಲಿ ತಾರೀಖು, ಸಮಯ ಇರುತ್ತದೆ.

ನಿಮಗೂ ಕೆಲವು ಪ್ರಶ್ನೆ ಬರುತ್ತವೆ, ತಯಾರಿರಿ. ಬರೆದ ಔಷಧಿಯೆಲ್ಲ ಕೊಟ್ಟಿರಾ? ದಿನಾ ನಡೆಸಿದಿರಾ, ಅಥವಾ "ಎದ್ದೇಳಬೇಡಮ್ಮ" ಎಂದು ಇಡೀ ದಿನ ಮಂಚದ ಮೇಲೇ ಇಟ್ಟಿದ್ದಿರಾ? ಊದಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕಿದಿರಾ? ಬೈಯಲು ಕೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಪ್ರೀತಿ ಅಂದರೆ ಮಲಗಿಸುವುದು, ತಿಕ್ಕುವುದು. ಹೆಪ್ಪಿನ ಅನುಮಾನ ಇರುವ ಕಾಲನ್ನು ಮಾತ್ರ ತಿಕ್ಕಬಾರದು. ಆಸ್ಪತ್ರೆಯ ವಕೀಲರು ಇದನ್ನು ಕೇಳಿಯೇ ಕೇಳುತ್ತಾರೆ. ಆಗ ಡಿಸ್ಚಾರ್ಜ್ ದಿನ ನಿಮಗೆ ಏನು ಹೇಳಿ ಕಳಿಸಿದ್ದರು ಎಂಬ ಪ್ರಶ್ನೆಯೂ ಏಳುತ್ತದೆ. ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಸಮ್ಮರಿಯಲ್ಲಿ ಬರೆದಿಲ್ಲ ಎಂದರೆ ಅದೂ ಅವರ ಲೆಕ್ಕಕ್ಕೇ.

ನೀವು ಹಾಕಿದ ಸಹಿಗೆ ಅವರು ಹೇಳುವಷ್ಟು ಬಲ ಇಲ್ಲ. ಒಪ್ಪಿಗೆ ಪತ್ರದಲ್ಲಿ "ರಕ್ತ ಹೆಪ್ಪುಗಟ್ಟಬಹುದು" ಎಂದಿದ್ದರೆ, ಎಚ್ಚರ ವಹಿಸಿದರೂ ಆಗಬಹುದಾದ್ದಕ್ಕೆ ನೀವು ಒಪ್ಪಿದ್ದೀರಿ ಎಂದರ್ಥ. ಎಚ್ಚರ ವಹಿಸದೇ ಇದ್ದರೂ ಪರವಾಗಿಲ್ಲ ಎಂದು ಯಾರೂ ಸಹಿ ಹಾಕುವುದಿಲ್ಲ, ಅಲ್ವಾ? ಅಪಾಯ ಇದೆಯೆಂದು ಅವರೇ ಅಚ್ಚು ಹಾಕಿಸಿದ ಹಾಳೆ ಅದು. ಅವರಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಅದೇ ನಿಮ್ಮ ಸಾಕ್ಷಿ.

ಮೊದಲ ಕೆಲಸ ದಾಖಲೆ ತರುವುದು. ಒಳರೋಗಿಯ ಪೂರ್ತಿ ಕೇಸ್ ಶೀಟಿನ ಪ್ರತಿ ಬೇಕು ಎಂದು ಬರೆದು ಕೊಡಿ. ಡ್ರಗ್ ಚಾರ್ಟ್, ಸಿಸ್ಟರ್‌ಗಳ ನೋಟ್ಸ್, ಅರಿವಳಿಕೆ ಹಾಳೆ ಎಲ್ಲ ಸೇರಿ ಎಂದು ಹೆಸರಿಸಿ ಬರೆಯಿರಿ. ಇಲ್ಲದಿದ್ದರೆ ಬರೀ ಸಮ್ಮರಿ ಕೊಟ್ಟು ಕಳಿಸುತ್ತಾರೆ. ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು, ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ಅರ್ಜಿಯ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಜಗಳ ಆಡುವ ಮುಂಚೆ ಇದನ್ನು ಮಾಡಿ. ಜಗಳ ಆದ ಮೇಲೆ ಹಾಳೆಗಳು ನಿಧಾನವಾಗಿ ಬರುತ್ತವೆ, ಕೆಲವು ಸಲ ಚೊಕ್ಕವಾಗಿಯೂ ಬರುತ್ತವೆ.

ಪೊಲೀಸ್ ಕಂಪ್ಲೇಂಟ್ ಬೇಡ ಎನ್ನುವುದು ನನ್ನ ಸಲಹೆ. ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ ಕ್ರಿಮಿನಲ್ ಕೇಸಿಗೆ ಮಿತಿಮೀರಿದ ನಿರ್ಲಕ್ಷ್ಯ ಬೇಕು, ಮುಂದುವರಿಯುವ ಮೊದಲು ತನಿಖೆಯವರು ಸಂಬಂಧವಿಲ್ಲದ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಬೇಕು. ನಿಮಗೆ ಸರಿಯಾದ ಜಾಗ ಜಿಲ್ಲಾ ಗ್ರಾಹಕ ಆಯೋಗ. ದುಡ್ಡು ಕೊಟ್ಟು ಪಡೆಯುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರ ಶಾಂತಾ ಕೇಸಿನಲ್ಲೇ ಹೇಳಿದೆ. ಈಗಿನ 2019ರ ಕಾಯ್ದೆಯಲ್ಲಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆಸ್ಪತ್ರೆ ಇರುವ ಊರಿಗೆ ಅಲೆಯಬೇಕಿಲ್ಲ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ಗಡುವು 2 ವರ್ಷ. ಸರ್ಜನ್ನರ ಹೆಸರಿನ ಜೊತೆಗೆ ಆಸ್ಪತ್ರೆಯನ್ನೂ ಸೇರಿಸಿ. ಯಾವ ಸಿಸ್ಟರ್, ಯಾವ ಡ್ಯೂಟಿ ಡಾಕ್ಟರ್ ಎಂದು ನೀವೇ ಹುಡುಕಿ ಹೆಸರಿಸಬೇಕಿಲ್ಲ, ಆಸ್ಪತ್ರೆಯೇ ಉತ್ತರ ಕೊಡಬೇಕು ಎಂದು 2004ರ ಸವಿತಾ ಗರ್ಗ್ ತೀರ್ಪು ಹೇಳುತ್ತದೆ. ವೈದ್ಯರ ನಡತೆಯ ಬಗ್ಗೆ ಬೇಕಿದ್ದರೆ ಕರ್ನಾಟಕ ವೈದ್ಯಕೀಯ ಮಂಡಳಿಗೆ ಬೇರೆಯೇ ದೂರು ಕೊಡಬಹುದು. ಅಲ್ಲಿ ಎಚ್ಚರಿಕೆ, ಅಮಾನತು ಆಗಬಹುದು, ಪರಿಹಾರದ ಹಣ ಸಿಗುವುದಿಲ್ಲ.

ಆಯೋಗದಲ್ಲಿ ಅವರ ದೊಡ್ಡ ವಾದ ಒಂದೇ: "ಮಾತ್ರೆ ಕೊಟ್ಟಿದ್ದರೂ ಆಗುತ್ತಿತ್ತು." ಆ ಎರಡು ಅಂಕಿಗಳನ್ನು ಈಗ ತೆಗೆಯಿರಿ. 4.3 ಇದ್ದದ್ದು 1.8 ಆಗುತ್ತದೆ. ಅಂದರೆ ಔಷಧಿಯಿಲ್ಲದೆ ಹೆಪ್ಪಿನ ತೊಂದರೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಕೊಟ್ಟಿದ್ದರೆ ಪಾರಾಗುತ್ತಿದ್ದರು. ಕ್ರಿಮಿನಲ್ ಕೇಸಿನ ಹಾಗೆ ಇಲ್ಲಿ ಅನುಮಾನವೇ ಉಳಿಯದಂತೆ ತೋರಿಸಬೇಕಿಲ್ಲ, ತಕ್ಕಡಿ ನಿಮ್ಮ ಕಡೆ ವಾಲಿದರೆ ಸಾಕು. ಮಾತ್ರೆಯ ವಾದ ಸೋತರೂ ಫೋನಿನ ವಾದ ಉಳಿಯುತ್ತದೆ. ಎಲ್ಲ ಕೇಸಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು 2010ರ ಕಿಶನ್ ರಾವ್ ತೀರ್ಪಿನಲ್ಲಿದೆ. ಆದರೂ ನೀವು ತಗೊಂಡೇ ಹೋಗಿ. ಐಸಿಯುನಲ್ಲಿ ನೋಡಿದ ವೈದ್ಯರು ಬಾಯಲ್ಲಿ ಹೇಳಿದ್ದನ್ನು ಬರೆದುಕೊಡುತ್ತಾರಾ ಕೇಳಿ. ಕೊಡದಿದ್ದರೆ ಕೋಪ ಮಾಡಿಕೊಳ್ಳಬೇಡಿ, ಅದೇ ಊರಿನಲ್ಲಿ ಅವರೂ ಬದುಕಬೇಕು. ಅವರ ಸಿಟಿ ರಿಪೋರ್ಟ್ ಮತ್ತು ದಾಖಲಾತಿ ನೋಟ್ಸ್ ಸಾಕು, ಅಭಿಪ್ರಾಯವನ್ನು ಬೇರೆ ಜಿಲ್ಲೆಯ ಫಿಸಿಶಿಯನ್ ಹತ್ತಿರ ತೆಗೆದುಕೊಳ್ಳಬಹುದು.

ಇನ್ನು ಚಿಕ್ಕಮ್ಮ. ಆಪರೇಷನ್ ಮುಂದೂಡಬೇಡಿ, ಇದಕ್ಕೆ ಹೆದರಿ ನೋವಿನಲ್ಲಿ ಕೂರುವುದು ಬೇಡ. ಅವರಿಗೆ ಅಥವಾ ಮನೆಯವರಿಗೆ ಹಿಂದೆ ಕಾಲಲ್ಲಿ ಹೆಪ್ಪುಗಟ್ಟಿದ್ದರೆ, ಕ್ಯಾನ್ಸರ್ ಇದ್ದರೆ, ಹಾರ್ಮೋನ್ ಮಾತ್ರೆ ತಗೊಳ್ತಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಅಕ್ಕನಿಗೆ ಈಗ ಆದದ್ದನ್ನೂ ಹೇಳಿ. "ಹೆಪ್ಪುಗಟ್ಟದ ಹಾಗೆ ಏನು ಕೊಡ್ತೀರಿ, ಎಷ್ಟು ದಿನ?" ಎಂದು ನೇರವಾಗಿ ಕೇಳಿ. ಸೊಂಟಕ್ಕೆ ಸಾಮಾನ್ಯವಾಗಿ ಸುಮಾರು 35 ದಿನ. ಮನೆಗೆ ಹೊರಡುವ ದಿನ, ಗಾಡಿ ಹತ್ತುವ ಮುಂಚೆ, ಸಮ್ಮರಿಯಲ್ಲಿ ಆ ಔಷಧಿ ಇದೆಯಾ, ಮುಗಿಯುವ ತಾರೀಖು ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಸಿಸ್ಟರ್ ಹತ್ತಿರ ವಾಪಸ್ ಹೋಗಿ. ಮನೆಯಲ್ಲಿ ಹಾಸಿಗೆಯಲ್ಲಿದ್ದರೂ ಗಂಟೆಗೊಮ್ಮೆ ಪಾದವನ್ನು ಮೇಲೆ ಕೆಳಗೆ ಆಡಿಸಲಿ, ನೀರು ಚೆನ್ನಾಗಿ ಕುಡಿಯಲಿ, ಫಿಸಿಯೋದವರು ಹೇಳಿದಷ್ಟು ನಡೆಯಲಿ. ಒಂದೇ ಕಾಲಿನ ಮೀನಖಂಡ ಅಥವಾ ತೊಡೆ ಊದಿ ನೋಯತೊಡಗಿದರೆ ಅಂದೇ ಡಾಪ್ಲರ್. ದಿಢೀರನೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ತಲೆಸುತ್ತಿ ಬಿದ್ದರೆ ಯಾರಿಗೂ ಫೋನ್ ಮಾಡಿ ಕೇಳುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ಐಸಿಯು ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ, ಸಮ್ಮರಿ ಕೈಯಲ್ಲಿರಲಿ.